ಗಡ್ಡಿ ಚಾಮಂತಿಗೆ ಹಾಡು ಯಾಕಿಲ್ಲ?

ವಾಚನಾಲಯದ ಹುಡುಗರು ಮನೆಗೆ ಬಂದು, "ತಾತ, ಈ ಸಲದ ಪುಸ್ತಕಕ್ಕೆ ನೀನೂ ಒಂದು ಬರೆದು ಕೊಡಬೇಕು" ಅಂದರು. ನಾನು ಓದಿದ್ದು ಏಳನೇ ಕ್ಲಾಸು. ಹಾಡು ಅಂದ್ರೆ ಬೆಳತನಕ ಹಾಡೇನು, ಬರಿ ಅಂದ್ರೆ ಕೈ ನಡುಗತೈತಿ. ಆದರೂ ಒಂದು ಮಾತು ಬಾಳ ವರ್ಷದಿಂದ ಹೊಟ್ಟೆಯೊಳಗೆ ಕುಂತೈತಿ. ಒಂದು ಹೂವಿನ ಮಾತು, ಅದರ ಜೊತೆಗೆ ಹಾಡಿನ ಮಾತು. ಹಾಡುವವನು ಹಾಡಿನ ಗುಣದೋಷ ಹೇಳಬಾರದು ಅಂತ ಎಲ್ಲೂ ಬರೆದಿಲ್ಲ. ದಿನಾ ರೊಟ್ಟಿ ತಟ್ಟುವ ಅವ್ವಗೆ ಹಿಟ್ಟು ಬಿರುಸಾಗೈತೋ ಮೆತ್ತಗಾಗೈತೋ ಕೈಗೇ ತಿಳೀತೈತಿ. ಹಂಗೇ ನನಗೆ ತಿಳಿದಷ್ಟು ಹೇಳ್ತೀನಿ. ತಪ್ಪಿದ್ದರೆ ಮೇಷ್ಟ್ರುಗಳು ತಿದ್ದಬೇಕು.

ಹೂವು ಯಾವುದು ಅಂದ್ರೆ ಗಡ್ಡಿ ಚಾಮಂತಿ. ನೀವೆಲ್ಲಾ ಅದನ್ನ ತುಳಿದುಕೊಂಡೇ ವಾಚನಾಲಯಕ್ಕೆ ಬಂದಿರತೀರಿ. ಆದವಾನಿಯಿಂದ ಆಲೂರಿಗೆ, ಕೋಸಿಗಿಗೆ, ಕೌತಾಳಕ್ಕೆ, ಹೊಳಗುಂದಿಗೆ, ಯಾವ ದಾರಿ ಹಿಡಿದರೂ ದಾರಿ ಬದಿಗೆ ಅದು ಐತಿ. ಹೊಲದ ಒಡ್ಡಿನ ಮ್ಯಾಲೆ, ರೈಲು ಹಳಿಯ ಜಲ್ಲಿಯೊಳಗೆ, ಸಾಲಿ ಗೋಡೆಯ ಬುಡಕ್ಕೆ, ಗುಡಿಯ ಹಿಂದೆ. ನೆಲಕ್ಕೆ ಮಲಗಿ ಬಳ್ಳಿಯಂಗೆ ಹರೀತೈತಿ, ಗೆಣ್ಣು ನೆಲಕ್ಕೆ ತಾಗಿದ ಕಡೆ ಬೇರು ಬಿಡತೈತಿ. ಎಲೆ ಒರಟು, ಮೈಯೆಲ್ಲಾ ಬಿಳಿ ಕೂದಲು, ಅಂಚಿಗೆ ಗರಗಸದ ಹಲ್ಲು. ನಡುವಿಂದ ಒಂದು ಗೇಣುದ್ದದ ಸಣ್ಣ ಕಡ್ಡಿ ಎದ್ದು ನಿಂತು, ಅದರ ತುದಿಗೆ ಒಂದೇ ಹೂವು. ಮಧ್ಯದಾಗ ಹಳದಿ ಗುಂಡಿ, ಸುತ್ತ ಐದಾರು ಬಿಳಿಚಿದ ಎಸಳು. ಒಂದೊಂದು ಎಸಳಿನ ತುದಿಗೂ ಮೂರು ಹಲ್ಲು. ಕಣ್ಣಿಗೆ ಒಂದು ಹೂವಿನಂಗೆ ಕಾಣತೈತಿ, ಖರೇ ಅಂದ್ರೆ ಆ ಹಳದಿ ಗುಂಡಿಯೊಳಗಿನ ಒಂದೊಂದು ಚುಕ್ಕಿಯೂ ಒಂದೊಂದು ಹೂವು. ಸೂರ್ಯಕಾಂತಿ, ಕುಸುಬೆ, ಚೆಂಡು ಹೂವು, ಶಾವಂತಿಗೆ ಎಲ್ಲಾ ಇದೇ ಬಳಗ. ಜಾತ್ರೆಯಂಗೆ ಗುಂಪು ಕೂಡಿ ನಿಂತ ಹೂವುಗಳು.

ಗಡ್ಡಿ ಅಂದ್ರೆ ತೆಲುಗಿನಾಗ ಹುಲ್ಲು. ನಮ್ಮ ಕನ್ನಡದಾಗ ಗಡ್ಡಿ ಅಂದ್ರೆ ಉಳ್ಳಾಗಡ್ಡಿ. ಸಣ್ಣವನಿದ್ದಾಗ ಈ ಹೂವಿನ ಬುಡ ಅಗೆದು ಗಡ್ಡಿ ಹುಡುಕೀನಿ, ಸಿಗಲಿಲ್ಲ. ಅವ್ವ ನೋಡಿ ನಕ್ಕಳು. ಕನ್ನಡದಾಗ ಹೇಳಬೇಕಂದ್ರೆ ಹುಲ್ಲು ಶಾವಂತಿಗೆ ಅನ್ನಬೇಕು. ಆದರೆ ನಮ್ಮ ಮನೆಯೊಳಗೆ ಕನ್ನಡ ಆಡುವವರೂ ಗಡ್ಡಿ ಚಾಮಂತಿ ಅಂತಲೇ ಅಂತೀವಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದಲೇ ಜಗಳ ಬರತೈತಿ.

ಈ ಹೂವು ನಮಗೆ ಏನು ಕೊಟ್ಟೈತಿ ಅಂತ ಮೊದಲು ಹೇಳತೀನಿ. ನಮ್ಮ ಕಾಲಕ್ಕೆ ಸಾಲಿಯೊಳಗೆ ಪಾಟಿ ಬೆಳ್ಳಗಾದರೆ ಇದರ ಎಲೆಯನ್ನ ಇದ್ದಲಿನ ಜೊತೆ ಅರೆದು ತಿಕ್ಕುತ್ತಿದ್ದೆವು. ಪಾಟಿ ಹೊಸದರಂಗೆ ಕರ್ರಗಾಗುತ್ತಿತ್ತು. ಮೇಷ್ಟ್ರು ಗೋಡೆಯ ಕರಿ ಹಲಗೆಗೂ ನಮ್ಮ ಕೈಲಿ ಅದನ್ನೇ ತಿಕ್ಕಿಸುತ್ತಿದ್ದರು. ನಾನು ಕಲಿತ ಅ ಆ ಇ ಈ ಎಲ್ಲಾ ಈ ಎಲೆಯ ರಸದ ಮ್ಯಾಲೆ ಬರೆದದ್ದು. ಬಿಡುವಿದ್ದಾಗ ಕಡ್ಡಿ ಮುರಿದು, ಕುಣಿಕೆ ಮಾಡಿ, ಹೂವಿನ ತಲೆ ಹಾರಿಸುವ ಆಟ. ಯಾರದು ದೂರ ಹೋತು ಅವನು ಗೆದ್ದ.

ಎರಡನೆಯದು ಗಾಯ. ಜೋಳ ಕೊಯ್ಯುವಾಗ ಕುಡುಗೋಲು ಬೆರಳಿಗೆ ತಾಕಿದರೆ ನಮ್ಮಪ್ಪ ಒಡ್ಡಿನ ಕಡೆ ಕೈ ಮಾಡುತ್ತಿದ್ದ. ನಾಲ್ಕು ಎಲೆ ಕಿತ್ತು, ಅಂಗೈಯೊಳಗೆ ತಿಕ್ಕಿ, ಹಸಿರು ರಸ ಗಾಯದ ಮ್ಯಾಲೆ ಹಿಂಡಿದರೆ ಮೊದಲು ಚುರುಚುರು ಅನ್ನತೈತಿ, ಆಮೇಲೆ ರಕ್ತ ನಿಲ್ಲತೈತಿ. ತೆಲುಗಿನವರು ಇದಕ್ಕೆ ಗಾಯಪಾಕು ಅಂತಲೂ ಹೆಸರಿಟ್ಟಾರೆ, ಅಂದ್ರೆ ಗಾಯದ ಎಲೆ. ಓದಿದವರು ಇಲಿಗಳ ಮ್ಯಾಲೆ ಇದರ ರಸ ಪರೀಕ್ಷೆ ಮಾಡಿ ಗಾಯ ಮಾಯುವ ಬಗೆ ನೋಡ್ಯಾರಂತೆ. ಇದನ್ನ ಓದಿ ಯಾರೂ ದೊಡ್ಡ ಗಾಯಕ್ಕೆ ಸೊಪ್ಪು ಕಟ್ಟಿಕೊಂಡು ಮನೆಯಾಗ ಕುಂದರಬಾರದು. ಕಬ್ಬಿಣ ತಾಕಿದರೆ ದವಾಖಾನೆಗೆ ಹೋಗಿ ಧನುರ್ವಾಯುವಿನ ಸೂಜಿ ಹಾಕಿಸಿಕೊಳ್ಳಬೇಕು. ಕೂಲಿ ಜನಕ್ಕೆ ಹೊಲದ ನಡುವೆ ಮೊದಲು ಕೈಗೆ ಸಿಕ್ಕಿದ್ದು ಈ ಎಲೆ, ನಾನು ಹೇಳೋದು ಇಷ್ಟೇ.

ಇಷ್ಟೆಲ್ಲಾ ಕೊಟ್ಟ ಹೂವಿನ ಮ್ಯಾಲೆ ಒಂದು ಹಾಡು ಇಲ್ಲ. ಸೋಬಾನೆ ಪದ, ಬೀಸುವ ಪದ, ಕೋಲಾಟದ ಪದ, ಭಜನೆ ಪದ, ತತ್ವಪದ, ನನಗೆ ಬರುವಷ್ಟನ್ನೂ ಒಂದೊಂದಾಗಿ ಮನಸ್ಸಿನಾಗ ಹಾಡಿ ನೋಡಿದೆ. ಮಲ್ಲಿಗೆ ಐತಿ, ಸಂಪಿಗೆ ಐತಿ, ಕ್ಯಾದಿಗೆ ಐತಿ, ಶಾವಂತಿಗೆ ಐತಿ. ಗಡ್ಡಿ ಚಾಮಂತಿ ಇಲ್ಲ. ಸಂಪಿಗೆ ಗಿಡ ನಮ್ಮ ಮಸಬು ಹೊಲದಾಗ ನಾನು ಕಂಡಿಲ್ಲ. ಐವತ್ತು ವರ್ಷ ಕಾಣದ ಹೂವು ಹಾಡೀನಿ, ಕಾಲಡಿ ಇದ್ದದ್ದನ್ನ ಬಿಟ್ಟೀನಿ.

ಅದಕ್ಕೇ ಹದಿನೈದು ವರ್ಷದ ಹಿಂದೆ ನಾನೇ ಒಂದು ಸೋಬಾನೆ ಕಟ್ಟಿದೆ. ಅದರೊಳಗೆ ಒಂದು ಸಾಲು ಹಿಂಗಿತ್ತು:

ಗಡ್ಡಿ ಚಾಮಂತಿ ಮುಡಿದು
ಹಸೆಗೆ ಬಂದಾಳ ಮದುಮಗಳು

ಗಡಿಯಾಚೆ ಒಂದು ಜಾನಪದ ಮೇಳಕ್ಕೆ ಕರೆದಿದ್ದರು. ಎಲ್ಲಿ, ಯಾರು ಅಂತ ಹೇಳೋದಿಲ್ಲ, ಅದರಿಂದ ಏನೂ ಉಪಯೋಗ ಇಲ್ಲ. ನಮ್ಮ ತಂಡ ಈ ಹಾಡು ಹಾಡಿತು. ತೀರ್ಪು ಕೊಡಲಿಕ್ಕೆ ಕುಂತಿದ್ದ ದೊಡ್ಡವರೊಬ್ಬರು ಹೇಳಿದರು: "ಯಜಮಾನ್ರೆ, ದನಿ ಚೆನ್ನಾಗಿದೆ. ಆದರೆ ಈ ಹೂವು ಹೊರದೇಶದ ಕಳೆ, ಈ ಹೆಸರು ತೆಲುಗು. ಜಾನಪದ ಅಂದ್ರೆ ಶುದ್ಧವಾಗಿರಬೇಕು." ನಾನು "ಆತು ಸ್ವಾಮಿ" ಅಂದು ಕೆಳಗಿಳಿದೆ. ಬಸ್ಸಿನಾಗ ಬರುವಾಗ ತಂಡದವರು ಯಾರೂ ಮಾತಾಡಲಿಲ್ಲ. ಆವತ್ತಿನಿಂದ ಆ ಹಾಡು ನಾನು ಹಾಡಿಲ್ಲ.

ಅವರು ಹೇಳಿದ್ದರಾಗ ಒಂದು ಮಾತು ಖರೇ. ಈ ಹೂವಿನ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆ. ಸ್ವೀಡನ್ ದೇಶದ ಲಿನೇಯಸ್ ಅನ್ನೋ ಪಂಡಿತ 1753ರಲ್ಲಿ ಇದಕ್ಕೆ ಟ್ರೈಡಾಕ್ಸ್ ಪ್ರೊಕಂಬೆನ್ಸ್ ಅಂತ ಹೆಸರು ಬರೆದ. ಪ್ರೊಕಂಬೆನ್ಸ್ ಅಂದ್ರೆ ನೆಲಕ್ಕೆ ಒರಗಿದ್ದು. ಬೀಜಕ್ಕೆ ಪುಕ್ಕ ಐತಿ, ಗಾಳಿಗೆ ಹಾರತೈತಿ. ಹಡಗು ಇಳಿದ ಮ್ಯಾಲೆ ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಲಿಲ್ಲ.

ಆದರೆ ಶುದ್ಧ ಅನ್ನೋ ಮಾತು ಹಿಡಿದು ಹೊರಟರೆ ಎಲ್ಲಿಗೆ ಹೋಗಿ ನಿಲ್ಲತೀವಿ ನೋಡಿ. ಮೆಣಸಿನಕಾಯಿ ಅಮೆರಿಕ ಖಂಡದಿಂದ ಬಂದದ್ದು. ಶೇಂಗಾ ಅಲ್ಲಿಂದಲೇ. ಪತ್ತಿಕೊಂಡದ ಮಾರ್ಕೆಟ್ಟಿನಾಗ ಗುಡ್ಡೆ ಹಾಕುವ ಟೊಮ್ಯಾಟೊ ಅಲ್ಲಿಂದಲೇ. ಮೆಕ್ಕೆಜೋಳ ಅಲ್ಲಿಂದಲೇ. ಆವತ್ತು ಮೇಳದ ವೇದಿಕೆಗೆ ಈ ತುದಿಯಿಂದ ಆ ತುದಿಗೆ ಕಟ್ಟಿದ್ದು ಚೆಂಡು ಹೂವಿನ ಮಾಲೆ. ಚೆಂಡು ಹೂವಿನ ತವರು ಯಾವುದು ಅಂದ್ರೆ ಅದೂ ಮೆಕ್ಸಿಕೋ! ಒಂದೇ ಬಳಗದ, ಒಂದೇ ತವರಿನ ಎರಡು ಹೂವು. ಒಂದು ತೋಟದಾಗ ಬೆಳೆದು ತೂಕಕ್ಕೆ ಮಾರಾಟ ಆಗತೈತಿ, ಅದು ನಮ್ಮದಾತು. ಇನ್ನೊಂದು ಪುಕ್ಕಟೆ ಬೆಳೀತೈತಿ, ಅದು ಹೊರಗಿನದಾತು. ಇದು ಶುದ್ಧದ ಲೆಕ್ಕ ಅಲ್ಲ, ಬೆಲೆಯ ಲೆಕ್ಕ.

ಇನ್ನು ತೆಲುಗು ಹೆಸರಿನ ಮಾತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಬಳ್ಳಾರಿ ಜಿಲ್ಲೆಯ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆ ಬಂದವು. ಬಳ್ಳಾರಿ ಆ ಕಡೆ ಹೋತು. ನಾನು ಹುಟ್ಟುವ ಮೊದಲಿನ ಮಾತು. ನಮ್ಮಪ್ಪ ಅಂತಿದ್ದ: "ನಾನು ಬಾವಿ ಕಟ್ಟೆಯ ಮ್ಯಾಲೆ ಕುಂತಲ್ಲೇ ಕುಂತಿದ್ದೆ, ಗಡಿ ಬಂದು ನನ್ನ ದಾಟಿ ಹೋತು." ಅದಕ್ಕೂ ಮೊದಲಿನಿಂದ ನಮ್ಮ ನಾಲಿಗೆ ಮ್ಯಾಲೆ ಎರಡು ಭಾಷೆ ಅದಾವೆ. ಸಂತೆಗೆ ತೆಲುಗು, ಒಲೆಯ ಮುಂದೆ ಕನ್ನಡ. ಮಂತ್ರಾಲಯಕ್ಕೆ ಹೋಗಿ ತುಂಗಭದ್ರೆಯೊಳಗೆ ಮುಳುಗುವವರು ಎರಡೂ ಭಾಷೆಯವರು. ಚಿಪ್ಪಗಿರಿಯಲ್ಲಿ ವಿಜಯದಾಸರ ಕಟ್ಟೆ ಐತಿ, ಕನ್ನಡದ ದಾಸರು, ಆ ಊರು ಈಗ ಆಂಧ್ರದಾಗ ಐತಿ. ಹಿಂಗಿದ್ದಾಗ ನಮ್ಮ ಹೊಲದ ಹೂವಿಗೆ ನಾವು ಕರೆಯುವ ಹೆಸರನ್ನ ಬಿಟ್ಟು ಪುಸ್ತಕದ ಹೆಸರು ತಂದರೆ ನಮ್ಮೂರಿನ ಹೆಂಗಸರಿಗೇ ಹಾಡು ತಿಳಿಯೋದಿಲ್ಲ.

ಇಷ್ಟು ಉತ್ತರ ನನ್ನೊಳಗೆ ತಯಾರಾಗಲಿಕ್ಕೆ ಬಾಳ ವರ್ಷ ಹಿಡಿದವು. ಒಂದು ದಿನ ವಾಚನಾಲಯದ ಕಟ್ಟೆಯ ಮ್ಯಾಲೆ ನಮ್ಮ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರ ಮುಂದೆ ಇದನ್ನೆಲ್ಲಾ ಹೇಳಿಕೊಂಡೆ. ಅವರು ನಕ್ಕರು. "ದೊಡ್ಡಪ್ಪ, ನಿನ್ನ ಗಡ್ಡಿ ಚಾಮಂತಿಗೆ ಇಂಗ್ಲಿಷಿನಾಗೂ ಡೈಸಿ ಅಂತಾರೆ, ಟ್ರೈಡಾಕ್ಸ್ ಡೈಸಿ. ಖರೇ ಡೈಸಿ ಬೇರೆ ಐತಿ, ಅದು ತಂಪು ದೇಶದ್ದು. ಅದರ ಮ್ಯಾಲೆ ಅಲ್ಲಿನ ಕವಿಗಳು ಬಾಳ ಬರೆದಾರೆ. ಅವರಾಗ ಒಬ್ಬ ನಿನ್ನಂಗೆ ರೈತ" ಅಂದರು. ಮರುದಿನ ಪುಸ್ತಕ ತಂದು ಒಂದೊಂದು ಸಾಲೂ ಓದಿ ಅರ್ಥ ಹೇಳಿದರು. ನಾಲ್ಕು ಸಂಜೆ ಹಿಡಿಯಿತು. ಮುಂದೆ ನಾನು ಹೇಳೋದೆಲ್ಲಾ ಅವರ ಬಾಯಿಂದ ಕೇಳಿ ತಿಳಿದದ್ದು.

ಆ ಡೈಸಿ ಇಂಗ್ಲೆಂಡಿನಾಗ ನಮ್ಮ ಗಡ್ಡಿ ಚಾಮಂತಿ ಇದ್ದಂಗೇ ಇರತೈತಿ. ಮನೆ ಮುಂದೆ ಹುಲ್ಲು ಬೆಳೆಸಿ ಮಿಷನ್ನಿನಿಂದ ಕತ್ತರಿಸತಾರಲ್ಲ, ಆ ಲಾನಿನ ಒಳಗೆ ತಾನೇ ಹುಟ್ಟತೈತಿ. ಎಲೆ ನೆಲಕ್ಕೆ ಚಪ್ಪಟೆ ಅಂಟಿಕೊಂಡಿರತಾವೆ, ಮಿಷನ್ನಿನ ಕತ್ತಿ ಮ್ಯಾಲಿಂದ ಹೋದರೂ ಬುಡ ಉಳೀತೈತಿ. ಕೆಲವರು ಕಳೆ ಅಂತ ಕೀಳತಾರೆ, ಕೆಲವರು ಚಂದ ಅಂತ ಬಿಡತಾರೆ. ಬೆಳಿಗ್ಗೆ ಅರಳಿ ಸಂಜೆಗೆ ಮುಚ್ಚಿಕೊಳ್ಳತೈತಿ. ಡೈಸಿ ಅನ್ನೋ ಹೆಸರಿಗೆ ಹಳೇ ಇಂಗ್ಲಿಷಿನಾಗ ಹಗಲಿನ ಕಣ್ಣು ಅಂತ ಅರ್ಥ. ಇದು ಯಾವ ಕವಿಯೂ ಕಟ್ಟಿದ್ದಲ್ಲ, ಜನ ಇಟ್ಟದ್ದು. ನನಗೆ ಈ ಹೆಸರೇ ಒಂದು ಹಾಡು ಅನ್ನಿಸಿತು. ಹೂವು ಏನು ಮಾಡತೈತೋ ಅದನ್ನೇ ಹೇಳತೈತಿ, ಹೆಚ್ಚಿಲ್ಲ ಕಡಿಮೆ ಇಲ್ಲ.

ಮೊದಲು ಮೇಷ್ಟ್ರು ವರ್ಡ್ಸ್‌ವರ್ತ್ ಕವಿಯದು ಓದಿದರು. ದೊಡ್ಡ ಕವಿ. 1807ರಲ್ಲಿ ಅಚ್ಚಾದ ಪುಸ್ತಕದಾಗ ಡೈಸಿಯ ಮ್ಯಾಲೆ ಒಂದಲ್ಲ, ಮೂರು ಕವಿತೆ ಅದಾವೆ. ಅದರಾಗ ಒಂದರಲ್ಲಿ ಕವಿ ಹುಲ್ಲಿನ ಮ್ಯಾಲೆ ಸುಮ್ಮನೆ ಕುಂತು ಹೂವಿಗೆ ಹೆಸರು ಕಟ್ಟುವ ಆಟ ಆಡತಾನೆ. ಒಮ್ಮೆ ಸನ್ಯಾಸಿನಿ ಅಂತಾನೆ, ಒಮ್ಮೆ ರಾಣಿ, ಒಮ್ಮೆ ಒಂಟಿ ಕಣ್ಣಿನ ರಾಕ್ಷಸ, ಒಮ್ಮೆ ಗುರಾಣಿ, ಒಮ್ಮೆ ಚುಕ್ಕಿ. ಕೊನೆಗೆ ಈ ಹೋಲಿಕೆಯೆಲ್ಲಾ ಬಿಟ್ಟು, ನೀನು ಹೂವು, ಅಷ್ಟು ಸಾಕು ಅನ್ನೋ ಕಡೆಗೆ ಬರತಾನೆ. ಆ ಕೊನೆ ನನಗೆ ಹಿಡಿಸಿತು. ಆದರೆ ಅಲ್ಲಿಗೆ ಮುಟ್ಟುವ ತನಕ ಹೂವು ಕಾಣಲಿಲ್ಲ, ಕವಿಯ ಜಾಣತನ ಕಂಡಿತು. ಬಿಡುವಿದ್ದವನ ಹಾಡು ಅದು. ಬಿಡುವು ತಪ್ಪಲ್ಲ, ನಾವೂ ಉಗಾದಿಗೆ ಮುಂಚೆ ಹೊಲ ಖಾಲಿ ಇದ್ದಾಗ ಹಿಂಗೇ ಒಗಟು ಹಾಕತೀವಿ. ಒಗಟು ಒಗಟೇ, ಹಾಡು ಹಾಡೇ.

ಆಮೇಲೆ ರಾಬರ್ಟ್ ಬರ್ನ್ಸ್. ಸ್ಕಾಟ್ಲೆಂಡಿನವನು, 1759ರಲ್ಲಿ ಹುಟ್ಟಿದವನು, ಗುತ್ತಿಗೆ ಹೊಲ ಮಾಡುತ್ತಿದ್ದ ರೈತ. ಊರೂರಿನ ಹಳೇ ಹಾಡು ಕೂಡಿಸಿ ತಿದ್ದಿ ಉಳಿಸಿದವನೂ ಹೌದು. 1786ರ ಏಪ್ರಿಲ್ ತಿಂಗಳು ಮಾಸ್‌ಗಿಲ್ ಅನ್ನೋ ಹೊಲದಾಗ ನೇಗಿಲು ಹೊಡೆಯುವಾಗ ಒಂದು ಡೈಸಿ ಗಿಡ ಮಣ್ಣಿನಡಿಗೆ ಹೋತು. ಅದರ ಮ್ಯಾಲೆ ಕಟ್ಟಿದ ಕವಿತೆ. ಅದೇ ವರ್ಷ ಕಿಲ್ಮಾರ್ನಕ್ ಊರಿನಾಗ ಅಚ್ಚಾದ ಅವನ ಮೊದಲ ಪುಸ್ತಕದಾಗ ಸೇರಿತು.

ಒಂಬತ್ತು ನುಡಿಯ ಪದ್ಯ. ಮೊದಲ ನುಡಿಯೊಳಗೇ ಅವನು ಹೂವಿನ ಕೂಡ ಮಾತಾಡತಾನೆ, ನನ್ನ ಕೈಯಾಗ ನಿನ್ನ ಉಳಿಸೋದು ಆಗಲಿಲ್ಲ ಅಂತಾನೆ. ಎರಡನೆಯದರಾಗ ಒಂದು ಹಕ್ಕಿ ಬರತೈತಿ. ನಿತ್ಯ ಬೆಳಿಗ್ಗೆ ನಿನ್ನ ಮೈಗೆ ಮೈ ತಾಗಿಸಿ ಬಗ್ಗಿಸಿ ಹಾರಿ ಹೋಗುತ್ತಿದ್ದ ನೆರೆಮನೆಯ ಹಕ್ಕಿ ಅಲ್ಲವಮ್ಮ ಇವತ್ತು ನಿನ್ನ ಬಗ್ಗಿಸಿದ್ದು ಅಂತಾನೆ. ಇದನ್ನ ಕೇಳಿದಾಗ ನಾನು ಮೇಷ್ಟ್ರಿಗೆ "ಇನ್ನೊಂದು ಸಲ ಓದ್ರಿ ಸಾರ್" ಅಂದೆ. ಹಕ್ಕಿಯ ಭಾರ ಎಷ್ಟು, ನೇಗಿಲ ಭಾರ ಎಷ್ಟು! ಅಳು ಅನ್ನೋ ಮಾತೇ ಇಲ್ಲದೆ ಅಳು ಬರಿಸ್ಯಾನೆ. ಮುಂದೆ ತೋಟದ ಹೂವಿಗೆ ಗೋಡೆಯ ಆಸರ ಐತಿ, ನಿನಗೆ ಒಂದು ಹೆಂಟೆಯದೋ ಕಲ್ಲಿನದೋ ಆಸರ ಅಂತಾನೆ. ಕೊಯ್ದ ಹೊಲದ ಕೂಳೆಯೊಳಗೆ ಕಲ್ಲಿನ ಮರೆಗೆ ಹೂ ನಿಲ್ಲೋದನ್ನ ನೇಗಿಲು ಹಿಡಿದವನೇ ನೋಡಬೇಕು.

ಈಗ ಅದರ ದೋಷವನ್ನೂ ಹೇಳತೀನಿ. ಆರು, ಏಳು, ಎಂಟನೆಯ ನುಡಿಗಳಲ್ಲಿ ಹೂವು ಮರೆಯಾಗತೈತಿ. ಮೋಸ ಹೋದ ಹುಡುಗಿಯ ಗತಿಯೂ ಇದೇ, ಬಡ ಕವಿಯ ಗತಿಯೂ ಇದೇ, ಕಷ್ಟ ಪಡುವ ಒಳ್ಳೆಯವರ ಗತಿಯೂ ಇದೇ ಅಂತ ಒಂದರ ಹಿಂದೆ ಒಂದು ಉಪದೇಶ. ಪುರಾಣ ಹೇಳುವವರು ಜನ ತೂಕಡಿಸಿದಾಗ ಹಿಂಗೇ ಎಳೀತಾರೆ. ಮೇಷ್ಟ್ರು ಒಂದು ಮಾತು ಹೇಳಿದರು, ಅದು ನನ್ನ ತಲೆಯೊಳಗೆ ದೀಪ ಹಚ್ಚಿತು. ಮೊದಲಿನ ನುಡಿಗಳಲ್ಲಿ ಅವನ ಊರಿನ ಆಡುಮಾತು ಹೆಚ್ಚು ಐತಿ, ಉಪದೇಶ ಬಂದ ಕಡೆ ಪುಸ್ತಕದ ಇಂಗ್ಲಿಷ್ ಹೆಚ್ಚು ಐತಿ. ನೋಡಿ, ಹೊಲದಾಗ ನಿಂತಾಗ ಹೊಲದ ಮಾತು ಬಂತು, ದೊಡ್ಡವರ ಮುಂದೆ ಕೈ ಕಟ್ಟಿ ನಿಂತಾಗ ದೊಡ್ಡವರ ಮಾತು ಬಂತು. ಕಳೆ ಇರೋದು ಆಡುಮಾತಿನಾಗ ಅಲ್ಲ, ಉಪದೇಶದಾಗ. ಅವನ ಪುಸ್ತಕದ ಹೆಸರೇ ಹೆಚ್ಚಾಗಿ ಸ್ಕಾಟಿಷ್ ಆಡುಮಾತಿನ ಕವಿತೆಗಳು ಅಂತ. ಶುದ್ಧ ಬೇಕು ಅನ್ನುವವರು ಅವನ ಕಾಲಕ್ಕೂ ಇದ್ದಿರಬೇಕು. ಅವನು ಮಾತ್ರ ಮುಖಪುಟದ ಮ್ಯಾಲೇ ತನ್ನೂರ ಮಾತಿನ ಹೆಸರು ಹಾಕಿಸಿದ.

ಕೊನೆಯ ನುಡಿಯೊಳಗೆ ಅವನು ಮತ್ತೆ ಹೊಲಕ್ಕೆ ಬರತಾನೆ. ಹೂವಿಗೆ ಮರುಗುವ ನಿನ್ನ ಮ್ಯಾಲೂ ಒಂದು ದಿನ ಆ ನೇಗಿಲು ಹಾಯತೈತಿ ಅಂತ ತನಗೆ ತಾನೇ ಹೇಳಿಕೊಳ್ಳತಾನೆ. ಆ ವರ್ಷ ಅವನ ಕೈಯಾಗ ರೊಕ್ಕ ಇರಲಿಲ್ಲ, ಊರು ಬಿಟ್ಟು ಜಮೈಕಾಕ್ಕೆ ಹಡಗು ಹತ್ತುವ ವಿಚಾರದಾಗ ಇದ್ದ. ಹೋಗಲಿಲ್ಲ. ಆದರೆ ಹತ್ತು ವರ್ಷಕ್ಕೆ, 1796ರಲ್ಲಿ, ಮೂವತ್ತೇಳು ವಯಸ್ಸಿಗೆ ತೀರಿಕೊಂಡ. ಆ ಕೊನೆಯ ನುಡಿ ಬಾಯಿಮಾತು ಆಗಲಿಲ್ಲ.

ಇದನ್ನ ಕೇಳಿ ಮನೆಗೆ ಬಂದ ರಾತ್ರಿ ನನ್ನ ಸೋಬಾನೆ ನೆನಪಾತು. ಮೊದಲ ಸಲ ಅದರ ತಪ್ಪು ನನಗೇ ಕಂಡಿತು. ತೀರ್ಪು ಕೊಟ್ಟವರು ಹೇಳಿದ ತಪ್ಪು ಅದರೊಳಗೆ ಇರಲಿಲ್ಲ, ಬೇರೆ ತಪ್ಪು ಇತ್ತು. ಗಡ್ಡಿ ಚಾಮಂತಿಯನ್ನ ಯಾವ ಮದುಮಗಳು ಮುಡಿದಾಳೆ? ಕಡ್ಡಿ ಗೇಣುದ್ದ, ಮುಟ್ಟಿದರೆ ತಲೆ ಬೀಳತೈತಿ, ಒಂದು ತಾಸಿಗೆ ಬಾಡತೈತಿ, ವಾಸನೆ ಇಲ್ಲ. ನಾನು ಮಾಡಿದ್ದು ಇಷ್ಟೇ: ಮಲ್ಲಿಗೆ ಇದ್ದ ಜಾಗದಾಗ ಮಲ್ಲಿಗೆ ತೆಗೆದು ಗಡ್ಡಿ ಚಾಮಂತಿ ಇಟ್ಟೆ. ಹೂವಿಗೆ ಮರ್ಯಾದೆ ಕೊಡತೀನಿ ಅಂತ ಸುಳ್ಳು ಹಾಡಿದೆ. ಬರ್ನ್ಸ್ ತನ್ನ ಹೂವನ್ನ ಯಾರ ಮುಡಿಗೂ ಏರಿಸಲಿಲ್ಲ. ಅದು ಖರೇ ಎಲ್ಲಿತ್ತೋ ಅಲ್ಲೇ, ನೇಗಿಲ ಕೆಳಗೆ, ಬಿಟ್ಟ. ಅದಕ್ಕೇ ಅದು ಇನ್ನೂರು ವರ್ಷ ದಾಟಿ ನಮ್ಮೂರ ಕಟ್ಟೆಗೆ ಬಂತು, ನನ್ನ ಹಾಡು ಒಂದು ಬಸ್ಸಿನಾಗೇ ಸತ್ತಿತು.

ನಾನು ಹೇಳಬೇಕಾದ ಮಾತು ಇದೇ. ಹೂವು ಹಾಡಿನೊಳಗೆ, ಅದು ಹೊಲದೊಳಗೆ ನಿಂತ ಜಾಗದಾಗೇ ನಿಂತಿರಬೇಕು. ಊರಿನದೋ ಹೊರಗಿನದೋ, ಕನ್ನಡವೋ ತೆಲುಗೋ ಅಂತ ಕೇಳೋದು ಆಮೇಲೆ.

ಈ ಅಳತೆ ನಮ್ಮ ಹಳೇ ಹಾಡಿನೊಳಗೇ ಐತಿ, ಸ್ಕಾಟ್ಲೆಂಡಿಗೆ ಹೋಗಬೇಕಾಗಿಲ್ಲ. ತುಂಬೆ ಹೂವು ಹಾಡಿನಾಗ ಬಂದರೆ ಶಿವನ ತಲೆಯ ಮ್ಯಾಲೆ ಬರತೈತಿ, ನಾವು ಖರೇನೂ ಅಲ್ಲೇ ಇಡತೀವಿ. ಎಕ್ಕೆ ಬಂದರೆ ಹನುಮಪ್ಪನ ಕೊರಳಿಗೆ. ಗರಿಕೆ ಬಂದರೆ ವಂಶ ಹಬ್ಬಲಿ ಅನ್ನೋ ಹರಕೆಯೊಳಗೆ, ಯಾಕಂದ್ರೆ ಕಿತ್ತಷ್ಟೂ ಹಬ್ಬೋದು ಗರಿಕೆಯ ಗುಣ. ನಮ್ಮ ಅವ್ವಂದಿರು ಬೀಸುವ ಕಲ್ಲಿನ ಮುಂದೆ ಕುಂತಾಗ ಕೈ ಮುಟ್ಟಿದ್ದನ್ನೇ ಬಾಯಿ ಹಾಡುತ್ತಿತ್ತು: ಕಲ್ಲು, ಗೂಟ, ಜೋಳ, ತವರಿನ ದಾರಿ. ಅವರಿಗೆ ಯಾರೂ ಪಾಠ ಮಾಡಿರಲಿಲ್ಲ. ಈಗ ವೇದಿಕೆಗೆ ಅಂತ ಹಾಡು ಕಟ್ಟುವ ನಾವೇ ಕೈ ಮುಟ್ಟದ್ದನ್ನ ಹಾಡತೀವಿ. ಹಸಿರು ಸೀರೆ, ಹಳ್ಳಿ ಸೊಗಸು, ಮಲ್ಲಿಗೆ ದಂಡೆ. ಸಾಲ ಮಾಡಿ ಹತ್ತಿ ಬಿತ್ತಿದವನು ಮೈಕಿನ ಮುಂದೆ ನಿಂತು ಸಂಪಿಗೆ ವನದ ಹಾಡು ಹಾಡತಾನೆ. ಆ ಗುಂಪಿನಾಗ ನಾನೂ ಒಬ್ಬ.

ಹೊರಗಿನಿಂದ ಬಂದ ಗಿಡವನ್ನ ಜನರ ಬಾಯಿ ಎಷ್ಟು ಸರಿಯಾಗಿ ಹಿಡೀತೈತಿ ಅನ್ನೋದಕ್ಕೆ ಇನ್ನೊಂದು ಸಾಕ್ಷಿ ಕೊಡತೀನಿ. ಪಾರ್ಥೇನಿಯಂ ಗಿಡ ನಿಮಗೆಲ್ಲಾ ಗೊತ್ತು. ಇದೂ ಶಾವಂತಿಗೆ ಬಳಗದ್ದೇ, ಇದೂ ಅಮೆರಿಕ ಖಂಡದಿಂದ ಬಂದದ್ದೇ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದು, ಆಮೇಲೆ ದೇಶ ತುಂಬಿತು. ಮೈ ತುರಿಕೆ, ಉಬ್ಬಸ ತರತೈತಿ, ದನ ಮೂಸೋದಿಲ್ಲ, ಬೆಳೆಗೆ ಜಾಗ ಕೊಡೋದಿಲ್ಲ. ಅದನ್ನ ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನ ಕಡೆ ಬಿಟ್ಟರು. ಕನ್ನಡದವರು ಅದರ ಬಿಳಿ ಹೂವು ನೋಡಿ ಕಾಂಗ್ರೆಸ್ ಗಿಡ ಅಂದರು, ಬಿಳಿ ಟೊಪ್ಪಿಗೆ ನೆನಪಿಗೆ. ತೆಲುಗಿನವರು ವಯ್ಯಾರಿ ಭಾಮ ಅಂದರು, ಬಳುಕುವ ಬಿನ್ನಾಣಗಿತ್ತಿ. ನೋಡಲಿಕ್ಕೆ ನಾಜೂಕು, ಒಳಗೆ ವಿಷ. ಎರಡು ಶಬ್ದದಾಗ ಪೂರಾ ಗಿಡ ಬಂತು. ಹೊರಗಿನದು ಎಲ್ಲಾ ಒಳ್ಳೇದು ಅಂತ ನಾನು ಹೇಳೋದಿಲ್ಲ. ಬಂದದ್ದು ಏನು ಮಾಡತೈತಿ ಅಂತ ನೋಡಿ ಹೆಸರಿಡಬೇಕು, ನೋಡಿ ಹಾಡಬೇಕು. ನಮ್ಮ ಜನಕ್ಕೆ ಆ ಕಣ್ಣು ಇನ್ನೂ ಐತಿ ಅನ್ನೋದಕ್ಕೆ ಈ ಹೆಸರುಗಳೇ ಸಾಕ್ಷಿ.

ಹಂಗಾದರೆ ಗಡ್ಡಿ ಚಾಮಂತಿಗೆ ಹಾಡು ಯಾಕೆ ಹುಟ್ಟಲಿಲ್ಲ? ನನಗೆ ಹೊಳೆದದ್ದು ಹೇಳತೀನಿ. ಹಾಡು ಹುಟ್ಟಬೇಕಾದ ಜಾಗವೇ ಕಡಿಮೆ ಆತು. ಎತ್ತಿನ ಹಿಂದೆ ಕುಂಟೆ ಹೊಡೆಯುವವನು ಗಳಿಗೆಗೆ ನಾಲ್ಕು ಹೆಜ್ಜೆ ಇಡತಾನೆ, ಕಣ್ಣು ನೆಲದ ಮ್ಯಾಲೆ ಇರತಾವೆ. ಬರ್ನ್ಸ್ ಕಂಡದ್ದು ಆ ನಡಿಗೆಯೊಳಗೆ. ಟ್ರ್ಯಾಕ್ಟರ್ ಸೀಟಿನ ಮ್ಯಾಲಿಂದ ಯಾವ ಹೂವೂ ಕಾಣೋದಿಲ್ಲ, ಮುರಿದದ್ದೂ ತಿಳಿಯೋದಿಲ್ಲ. ನಾನೂ ಬಾಡಿಗೆ ಟ್ರ್ಯಾಕ್ಟರಿನಿಂದಲೇ ಹೊಲ ಮಾಡಿಸತೀನಿ, ಎತ್ತು ಸಾಕಲಿಕ್ಕೆ ಆಗೋದಿಲ್ಲ. ಅದು ತಪ್ಪು ಅಂತ ಅಲ್ಲ. ಬೀಸುವ ಕಲ್ಲು ಹೋದಾಗ ಬೀಸುವ ಪದ ಹೋದಂಗೆ, ಕುಂಟೆ ಹೋದಾಗ ಕುಂಟೆಯ ಹಿಂದಿನ ಕಣ್ಣು ಹೋತು. ಈಗ ಒಡ್ಡಿಗೂ ಕಳೆ ಔಷಧಿ ಹೊಡೀತಾರೆ. ಮೂರು ದಿನಕ್ಕೆ ಒಡ್ಡೆಲ್ಲಾ ಸುಟ್ಟಂಗೆ ಹಳದಿ ಆಗತೈತಿ. ಸಣ್ಣ ಚಿಟ್ಟೆಗಳು ಆ ಹೂವಿಗೆ ಬರುತ್ತಿದ್ದವು, ಅವೂ ಬರೋದಿಲ್ಲ. ಗಡ್ಡಿ ಚಾಮಂತಿ ಮೊಂಡು, ಮುಂದಿನ ಮಳೆಗೆ ಮತ್ತೆ ಬರತೈತಿ. ನಮ್ಮ ಹಾಡಿಗೆ ಅಷ್ಟು ಮೊಂಡುತನ ಐತೋ ಇಲ್ಲೋ, ಅದೇ ನನ್ನ ಚಿಂತೆ.

ಮೇಷ್ಟ್ರುಗಳಿಗೆ ಒಂದು ಬೇಡಿಕೆ. ಮಕ್ಕಳಿಗೆ ಹೂವಿನ ಮ್ಯಾಲೆ ಬರೀರಿ ಅಂದರೆ ಅವರು ಗುಲಾಬಿ, ತಾವರೆ ಅಂತ ಬರೀತಾರೆ. ಸಾಲಿ ಗೋಡೆಯ ಬುಡಕ್ಕೆ ಕರೆದುಕೊಂಡು ಹೋಗಿ ಅಲ್ಲಿ ಇರೋದನ್ನ ತೋರಿಸಿ, ಅವರ ಮನೆಯಾಗ ಅದಕ್ಕೆ ಏನಂತಾರೋ ಆ ಹೆಸರಿನಿಂದಲೇ ಬರೆಸಿ. ತೆಲುಗು ಬಂದರೆ ಕೆಂಪು ಗೆರೆ ಎಳೀಬೇಡಿ.

ನನ್ನ ಮುರಿದ ಸೋಬಾನೆಯನ್ನ ಬಿಟ್ಟು, ಮೊನ್ನೆ ಶೇಂಗಾ ಕೀಳುವಾಗ ಬೇರೆ ಕಟ್ಟಲಿಕ್ಕೆ ಶುರು ಮಾಡೀನಿ. ಇನ್ನೂ ಮುಗಿದಿಲ್ಲ, ಧಾಟಿ ಕೂತಿಲ್ಲ. ನಾಲ್ಕು ಸಾಲು ಆಗ್ಯಾವೆ:

ಕುಡುಗೋಲು ತಾಕಿ ಬೆರಳು ಹರಿದಾಗ
ಒಡ್ಡಿನ ಮ್ಯಾಲೆ ಯಾರಿದ್ದರು
ಕರೀದೆ ಬಂದ ಗಡ್ಡಿ ಚಾಮಂತಿ
ಹಸಿರು ಹಿಂಡಿ ರಕ್ತ ನಿಲ್ಲಿಸಿತು

ಹೊಲದಾಗ ಹಾಡಿದಾಗ ಸಾಲು ಹಿಡಿದು ಕೀಳುತ್ತಿದ್ದ ಹೆಣ್ಣುಮಕ್ಕಳೊಳಗೆ ಒಬ್ಬಾಕಿ ತನ್ನ ಬೆರಳಿನ ಹಳೇ ಗೆರೆ ತೋರಿಸಿ, "ಹೌದು ಮಾವ, ಇದೂ ಅದರಿಂದಲೇ ಮಾದದ್ದು" ಅಂದಳು. ಇನ್ನೊಬ್ಬಾಕಿ ಮೂರನೇ ಸಾಲನ್ನ ತಾನೇ ಎತ್ತಿಕೊಂಡು ಹಾಡಿದಳು. ನನಗೆ ಆ ತೀರ್ಪು ಸಾಕು. ಉಳಿದ ನುಡಿ ಯಾರಿಗಾದರೂ ಹೊಳೆದರೆ ವಾಚನಾಲಯಕ್ಕೆ ಬಂದು ಹೇಳಿರಿ. ಸಂಜೆ ಹೊತ್ತು ಕಟ್ಟೆಯ ಮ್ಯಾಲೆ ಇರತೀನಿ.